ಆಮ್ಲಪಿತ್ತ ಮತ್ತು ನಿದ್ರಾಹೀನತೆಗೆ ಆಯುರ್ವೇದ, ಯೋಗ ಎರಡನ್ನೂ ಒಟ್ಟಿಗೆ ಅನುಸರಿಸಬಹುದೇ?

ಎರಡು ವರ್ಷಗಳಿಂದ ಆಮ್ಲಪಿತ್ತದಿಂದಲೂ ನಿದ್ರೆಯ ಕೊರತೆಯಿಂದಲೂ ಬಳಲುತ್ತಿರುವುದಾಗಿ ಬರೆದಿದ್ದೀರಿ. ಯೋಗ ಹಾಗೂ ಆಯುರ್ವೇದ ಔಷಧಗಳನ್ನು ಒಟ್ಟಿಗೆ ಆರಂಭಿಸಿದರೆ ಗುಣ ಬೇಗ ಕಂಡೀತೇ, ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಬಹುದೇ ಎಂಬುದು ನಿಮ್ಮ ಪ್ರಶ್ನೆ. ಕೊನೆಯ ಮಾತಿಗೇ ಮೊದಲು ಉತ್ತರಿಸುತ್ತೇನೆ: ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಅದರ ಪ್ರಮಾಣವನ್ನು ತಗ್ಗಿಸುವುದಾದರೂ ಅದನ್ನು ಬರೆದುಕೊಟ್ಟ ವೈದ್ಯರೇ ಒತ್ತಡವನ್ನು ಅಳೆದು ನೋಡಿ ನಿರ್ಧರಿಸಬೇಕು.

ಎರಡನ್ನೂ ಒಟ್ಟಿಗೆ ಅನುಸರಿಸಬಹುದು. ಆದರೆ ಬೆಳಿಗ್ಗೆ ಒಂದು ಗಂಟೆ ಯೋಗ ಮಾಡಿ, ರಾತ್ರಿ ಒಂದು ಚಮಚ ಚೂರ್ಣ ಸೇವಿಸಿದ ಮಾತ್ರಕ್ಕೆ ಅವೆರಡೂ ಕೂಡಿದಂತಾಗುವುದಿಲ್ಲ. ಯಾರಿಗೆ ಯಾವ ಅಭ್ಯಾಸ, ಎಷ್ಟು ಎಂಬುದನ್ನು ದೇಹಪ್ರಕೃತಿ ಮತ್ತು ಜಠರಾಗ್ನಿಯನ್ನು, ಅಂದರೆ ಜೀರ್ಣಶಕ್ತಿಯನ್ನು, ನೋಡಿ ತೀರ್ಮಾನಿಸಿದಾಗ ಮಾತ್ರ ಅದು ಚಿಕಿತ್ಸೆಯಾಗುತ್ತದೆ. ಇದನ್ನು ನಾನು ಅನುಭವದಿಂದ ಕಲಿತೆ. ನನಗೂ ಎದೆಯುರಿ ಇತ್ತು. ಯಾರೋ ಹೇಳಿದರೆಂದು ದಿನವೂ ನಸುಕಿನಲ್ಲೆದ್ದು ಕಪಾಲಭಾತಿ, ಭಸ್ತ್ರಿಕಾ ಎಂಬ ರಭಸದ ಉಸಿರಾಟದ ಅಭ್ಯಾಸಗಳನ್ನು, ಆಮೇಲೆ ಬೆವರಿಳಿಯುವವರೆಗೆ ಸೂರ್ಯನಮಸ್ಕಾರ ಮಾಡುತ್ತಿದ್ದೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಉರಿ ಗಂಟಲಿನವರೆಗೆ ಏರಿತು, ಸಣ್ಣ ಮಾತಿಗೂ ಸಿಡುಕು ಬರತೊಡಗಿತು, ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ. ಆಗ ಭೇಟಿಯಾದ ಆಯುರ್ವೇದ ವೈದ್ಯರು ನಾಲಿಗೆಯನ್ನು ನೋಡಿ, ಊಟದ ಹೊತ್ತು, ಹಸಿವು, ಮಲಪ್ರವೃತ್ತಿ ಎಲ್ಲವನ್ನೂ ವಿಚಾರಿಸಿದ ಮೇಲೆ ಔಷಧಕ್ಕಿಂತ ಮೊದಲು ನನ್ನ ಯೋಗವನ್ನೇ ಬದಲಾಯಿಸಿದರು.

ಅವರು ಹೇಳಿದ್ದು ಶಾಸ್ತ್ರದಲ್ಲೇ ಇದೆ. ಹಠಯೋಗಪ್ರದೀಪಿಕೆ ಎಂಬ ಯೋಗಗ್ರಂಥದ ಎರಡನೆಯ ಉಪದೇಶವು (ಅಧ್ಯಾಯವು) ಮೇದಸ್ಸು (ಕೊಬ್ಬು) ಮತ್ತು ಕಫ ಅಧಿಕವಾಗಿರುವವರು ಮೊದಲು ಷಟ್ಕರ್ಮಗಳನ್ನು, ಅಂದರೆ ಆರು ಶುದ್ಧಿಕ್ರಿಯೆಗಳನ್ನು, ಮಾಡಬೇಕು, ವಾತ, ಪಿತ್ತ, ಕಫ ಎಂಬ ದೋಷಗಳು ಸಮವಾಗಿರುವವರು ಅವನ್ನು ಆಚರಿಸಬೇಕಾಗಿಲ್ಲ ಎನ್ನುತ್ತದೆ. ಕಪಾಲಭಾತಿ ಆ ಆರರಲ್ಲಿ ಒಂದು. ಅದೇ ಗ್ರಂಥವು ಪ್ರಾಣಾಯಾಮಗಳಲ್ಲಿ ಸೂರ್ಯಭೇದನವನ್ನು ವಾತದ ಶಮನಕ್ಕೆ, ಉಜ್ಜಾಯಿಯನ್ನು ಕಫದ ಶಮನಕ್ಕೆ, ಶೀತಲಿಯನ್ನು ಪಿತ್ತದ ಶಮನಕ್ಕೆ ಹೇಳುತ್ತದೆ. ಅಂದರೆ ಯೋಗದ ಗ್ರಂಥವೇ ಆಯುರ್ವೇದದ ಭಾಷೆಯಲ್ಲಿ ಮಾತನಾಡುತ್ತಿದೆ. ಇತ್ತ ಆಯುರ್ವೇದದ ಗ್ರಂಥವಾದ ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯವು ಬಲಶಾಲಿಗಳೂ ಚಳಿಗಾಲ ಮತ್ತು ವಸಂತದಲ್ಲಿ ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಎಂದು ಹೇಳಿ, ವಾತಪಿತ್ತದ ರೋಗವಿರುವವರು ಮತ್ತು ಅಜೀರ್ಣವುಳ್ಳವರು ಅದನ್ನು ಬಿಡಬೇಕೆಂದು ಸ್ಪಷ್ಟವಾಗಿ ಸೂಚಿಸುತ್ತದೆ. ನಾನು ಅಜೀರ್ಣವಿಟ್ಟುಕೊಂಡೇ ಪೂರ್ಣಶಕ್ತಿಯಲ್ಲಿ ದುಡಿಯುತ್ತಿದ್ದೆ!

ಅರ್ಧಶಕ್ತಿಯನ್ನು ಗುರುತಿಸುವ ಬಗೆ ಆಯುರ್ವೇದದ ಇನ್ನೊಂದು ಗ್ರಂಥವಾದ ಸುಶ್ರುತಸಂಹಿತೆಯಲ್ಲಿದೆ: ಎದೆಯಲ್ಲಿರುವ ಉಸಿರು ಬಾಯಿಗೆ ಬಂದಾಗ ಅರ್ಧಬಲ ಮುಗಿಯಿತೆಂದು ತಿಳಿಯಬೇಕು. ನಾನು ಈಗಲೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಬಾಯಿ ಮುಚ್ಚಿ ಮೂಗಿನಿಂದಲೇ ಸಲೀಸಾಗಿ ಉಸಿರಾಡಲು ಆಗದ ಕ್ಷಣದಲ್ಲಿ, ಎಷ್ಟನೆಯ ಸುತ್ತಿನಲ್ಲಿದ್ದರೂ ಸರಿ, ಮಲಗಿ ಶವಾಸನ ಮಾಡುತ್ತೇನೆ.

ನಿಮ್ಮ ವಿಷಯದಲ್ಲಿ ರಕ್ತದೊತ್ತಡವೂ ಇರುವುದರಿಂದ ಭಸ್ತ್ರಿಕಾ, ಕಪಾಲಭಾತಿ, ಶೀರ್ಷಾಸನ ಮತ್ತು ಉಸಿರನ್ನು ಬಲವಂತವಾಗಿ ಹಿಡಿಯುವ ಕುಂಭಕ ಬೇಡ. ನಿಧಾನವಾದ ನಾಡಿಶೋಧನ (ಒಂದೊಂದೇ ಮೂಗಿನ ಹೊಳ್ಳೆಯಿಂದ ಸರದಿಯಂತೆ ಉಸಿರಾಡುವುದು), ಒಳಗೆ ಎಳೆದುಕೊಳ್ಳುವುದಕ್ಕಿಂತ ದೀರ್ಘವಾಗಿ ಉಸಿರನ್ನು ಬಿಡುವ ಅಭ್ಯಾಸ, ಮಲಗುವ ಮುನ್ನ ಅಂಗಾಲುಗಳಿಗೆ ಎಣ್ಣೆಯ ಅಭ್ಯಂಗ, ಇಷ್ಟರಿಂದ ಆರಂಭಿಸಿ. ರಾತ್ರಿಯ ಊಟಕ್ಕೂ ನಿದ್ರೆಗೂ ನಡುವೆ ಮೂರು ಗಂಟೆಯ ಅಂತರವಿರಲಿ, ಎಡಮಗ್ಗುಲಿಗೆ ಮಲಗಿ. ನನಗೆ ಹೆಚ್ಚು ಉಪಕಾರವಾದದ್ದು ಈ ಮೂರು ಗಂಟೆಯ ಅಂತರವೇ.

ಔಷಧದ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆ. ಆಮ್ಲಪಿತ್ತಕ್ಕೆ ಅನೇಕರು ತಾವಾಗಿಯೇ ಸೇವಿಸುವ ಯಷ್ಟಿಮಧುವಿನಲ್ಲಿ (ಜೇಷ್ಠಮಧು) ಗ್ಲಿಸಿರೈಜಿನ್ ಎಂಬ ಅಂಶವಿದೆ; ಅದು ದೇಹದಲ್ಲಿ ಸೋಡಿಯಂ ಉಳಿಯುವಂತೆ ಮಾಡಿ, ಪೊಟ್ಯಾಸಿಯಂ ಅನ್ನು ತಗ್ಗಿಸಿ, ರಕ್ತದೊತ್ತಡವನ್ನು ಏರಿಸಬಲ್ಲದು. ಒಬ್ಬರ ಹೊಟ್ಟೆಯನ್ನು ತಣಿಸುವ ಮೂಲಿಕೆಯೇ ನಿಮ್ಮ ಮಾತ್ರೆಯ ವಿರುದ್ಧ ಕೆಲಸ ಮಾಡಬಹುದು. ನಿದ್ರೆಗೆಂದು ಜನರು ಹಿಡಿಯುವ ಅಶ್ವಗಂಧವೂ ಥೈರಾಯ್ಡ್ ಮತ್ತು ನಿದ್ರೆಯ ಮಾತ್ರೆಗಳ ಪರಿಣಾಮವನ್ನು ಬದಲಾಯಿಸಬಹುದು. ಆದ್ದರಿಂದ ಸೇವಿಸುತ್ತಿರುವ ಪ್ರತಿಯೊಂದು ಔಷಧದ ಹೆಸರೂ ಎರಡೂ ಕಡೆಯ ವೈದ್ಯರಿಗೆ ತಿಳಿದಿರಬೇಕು. ನುಂಗುವಾಗ ತೊಡಕು, ಕಪ್ಪಾದ ಮಲ, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಚೂರ್ಣ, ಆಸನ ಎಲ್ಲವನ್ನೂ ಬದಿಗಿಟ್ಟು ತಕ್ಷಣ ತಪಾಸಣೆ ಮಾಡಿಸಿಕೊಳ್ಳಿ.

ವೈದ್ಯರನ್ನು ಕಾಣುವ ಮೊದಲು ಎರಡು ವಾರ ಊಟದ ಹೊತ್ತು, ಉರಿ ಕಾಣಿಸಿದ ಹೊತ್ತು, ಎಚ್ಚರವಾದ ಹೊತ್ತು, ಆ ದಿನ ಮಾಡಿದ ಅಭ್ಯಾಸ ಇವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಕಪಾಲಭಾತಿಯ ದಿನಗಳಿಗೂ ಎರಡು ಗಂಟೆಯ ಎಚ್ಚರಕ್ಕೂ ಇದ್ದ ನಂಟನ್ನು ವೈದ್ಯರು ಕಂಡುಕೊಂಡದ್ದು ಅಂಥದೇ ನಾಲ್ಕು ಪುಟಗಳಿಂದ.