ಗಟ್ಟಿಯಾಗದ ಎಣ್ಣೆ ಬಾಟಲಿ

ಹೊನ್ನಾವರ ತಾಲೂಕಿನ ಶರಾವತಿ ದಂಡೆಯ ಓದುಗರೊಬ್ಬರ ಪತ್ರದ ಸಾರ: "ನಾನು ಚಿಕ್ಕವನಿದ್ದಾಗ ಡಿಸೆಂಬರ್ ಬಂತೆಂದರೆ ಕೊಬ್ಬರಿ ಎಣ್ಣೆ ಬಾಟಲಿಯನ್ನು ಬಚ್ಚಲ ಒಲೆಯ ಹತ್ತಿರ ಇಟ್ಟು ಕರಗಿಸಬೇಕಿತ್ತು. ಈಗ ವರ್ಷವಿಡೀ ನೀರಿನ ಹಾಗೆ ಇರುತ್ತದೆ. ಹಂಚಿನ ಮನೆ ತೆಗೆಸಿ ಆರ್‌ಸಿಸಿ ತಾರಸಿ ಹಾಕಿಸಿದ್ದೇನೆ. ಹಣ್ಣಡಿಕೆ ಒಣಹಾಕಿದ ಮೇಲೆ ಮಳೆ ಬರುತ್ತದೆ. ಟೀವಿ ಹಾಕಿದರೆ ಅಮೆರಿಕದಲ್ಲಿ ಮೊಣಕಾಲುದ್ದ ಹಿಮ. ಭೂಮಿ ಬಿಸಿಯಾಗುತ್ತಿದ್ದರೆ ಇದೇನಜ್ಜ ಎಂದು ಮೊಮ್ಮಗ ಕೇಳುತ್ತಾನೆ. ಚಳಿ ನಿಜಕ್ಕೂ ಬದಲಾಗಿದೆಯೋ, ಇದು ಮುದುಕರ ಹಳಹಳಿಕೆಯೋ? ಅಪ್ಪ ಅಡಿಕೆ ಲೆಕ್ಕದ ಪುಸ್ತಕದ ಅಂಚಿನಲ್ಲಿ ಮಳೆ ಬಂದ ದಿನ, ಮಾವು ಹೂ ಬಿಟ್ಟ ದಿನ ಗುರುತು ಹಾಕುತ್ತಿದ್ದರು. ಅದೀಗ ಟ್ರಂಕಿನಲ್ಲಿ ಎಲ್ಲೋ ಇದೆ."

ಮಾನ್ಯರೇ, ನಮಸ್ಕಾರ.

ನಿಮ್ಮ ಪತ್ರ ಓದಿ ಎದ್ದುಹೋಗಿ ನಮ್ಮ ಮನೆಯ ಬಾಟಲಿ ನೋಡಿದೆ. ಶಿರಸಿಯಲ್ಲಿ ಅದಿನ್ನೂ ಗಟ್ಟಿಯಾಗುತ್ತದೆ. ಬೆಳಗ್ಗೆ ಚಮಚದ ಹಿಡಿ ಹಾಕಿ ಕೆರೆಯಬೇಕು. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಘಟ್ಟದ ಮೇಲಿನ ಚಳಿಗೆ ಆ ಗೆರೆ ದಾಟುವುದು ಸಲೀಸು. ನಿಮ್ಮಲ್ಲಿ ಮನೆಯೊಳಗಿನ ರಾತ್ರಿ ಆ ಗೆರೆಯ ಮೇಲೇ ಓಲಾಡುತ್ತಿರುತ್ತದೆ. ಒಂದೆರಡು ಡಿಗ್ರಿ ಹೆಚ್ಚುಕಮ್ಮಿಯಾದರೂ ನಿಮ್ಮ ಬಾಟಲಿಗೆ ತಿಳಿಯುತ್ತದೆ, ನಮ್ಮದಕ್ಕೆ ತಿಳಿಯುವುದಿಲ್ಲ.

ಆದರೂ ಅದರ ಸಾಕ್ಷಿಯನ್ನು ಪೂರ್ತಿ ನಂಬಲಾರೆ. ಹಂಚಿನ ಮನೆ ತೆಗೆಸಿ ಆರ್‌ಸಿಸಿ ಹಾಕಿಸಿದ್ದೇನೆಂದು ನೀವೇ ಬರೆದಿದ್ದೀರಿ. ಹಂಚಿನ ಸಂದಿಯಿಂದ ರಾತ್ರಿಯ ತಂಪು ಇಳಿಯುತ್ತಿತ್ತು. ತಾರಸಿ ಹಾಗಲ್ಲ, ಹಗಲು ಕುಡಿದ ಬಿಸಿಲನ್ನು ನಡುರಾತ್ರಿಯವರೆಗೂ ಒಳಗೆ ಕಾರುತ್ತಿರುತ್ತದೆ. ಬಾಟಲಿ ಹೇಳುತ್ತಿರುವುದರಲ್ಲಿ ಭೂಮಿಯ ಪಾಲೆಷ್ಟು, ತಾರಸಿಯ ಪಾಲೆಷ್ಟು?

ನೆನಪಿನದೂ ಇದೇ ಗತಿ, ಪತ್ರಿಕೆಯದೂ ಅಷ್ಟೇ. ಕಳೆದ ಜನವರಿಯಲ್ಲಿ 'ಮೂಳೆ ಕೊರೆಯುವ ಚಳಿ' ಎಂದು ದಪ್ಪಕ್ಷರದಲ್ಲಿ ಹಾಕಿದವರು ನಾವೇ. ಅಚ್ಚಾಗಿ ನಿಮ್ಮ ಕೈಸೇರುವ ಹೊತ್ತಿಗೆ ಆ ಮೂರು ದಿನದ ಚಳಿ ಕಂಬಳಿ ಮಡಚಿ ಹೋಗಿತ್ತು.

ಬರೆದಿಟ್ಟವರ ಮಾತು ಕೇಳೋಣ. ಜಪಾನಿನ ಸುವಾ ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ರಾತ್ರಿ ಕುಗ್ಗಿ ಹಗಲು ಹಿಗ್ಗುವ ಮಂಜುಗಡ್ಡೆ ಸದ್ದು ಮಾಡುತ್ತ ಸೀಳಿ, ಈ ದಡದಿಂದ ಆ ದಡಕ್ಕೆ ಬದುವಿನ ಹಾಗೆ ಏಳುತ್ತದೆ. ಈ ದಡದ ದೇವರು ಆ ದಡದ ದೇವಿಯನ್ನು ನೋಡಲು ನಡೆದುಹೋದ ದಾರಿ ಅದು ಎಂಬುದು ಅಲ್ಲಿಯವರ ನಂಬಿಕೆ. ದೇವರು ದಾಟಿದ ದಿನವನ್ನು ಅರ್ಚಕರು 1443ರಿಂದ ಬರೆದಿಡುತ್ತ ಬಂದಿದ್ದಾರೆ. ಹವಾಮಾನದ ಲೆಕ್ಕಕ್ಕಲ್ಲ, ದೇವರ ಲೆಕ್ಕಕ್ಕೆ! ಮೊದಲ ಎರಡೂವರೆ ಶತಮಾನದಲ್ಲಿ ಸರೋವರ ಹೆಪ್ಪುಗಟ್ಟದೆ ಹೋದದ್ದು ಮೂರೇ ವರ್ಷ. ಈಚಿನ ದಶಕಗಳಲ್ಲಿ ಹೆಪ್ಪುಗಟ್ಟದ ವರ್ಷಗಳೇ ಸಾಲುಗಟ್ಟಿವೆ. 2018ರಲ್ಲಿ ದೇವರು ದಾಟಿದ ಮೇಲೆ ವರ್ಷವರ್ಷವೂ ಅರ್ಚಕರು ನಸುಕಿನಲ್ಲಿ ದಡಕ್ಕೆ ಹೋಗಿ ಬರಿಗೈಲಿ ಮರಳಿದರು.

ನೆದರ್ಲೆಂಡ್ಸ್‌ನಲ್ಲಿ ಹನ್ನೊಂದು ಊರುಗಳನ್ನು ಸುತ್ತುವ ಸುಮಾರು 200 ಕಿಲೋಮೀಟರಿನ ಸ್ಕೇಟಿಂಗ್ ಪಂದ್ಯವಿದೆ. ಕಾಲುವೆಗಳ ಮೇಲೆ ಸುಮಾರು 15 ಸೆಂಟಿಮೀಟರ್ ದಪ್ಪ ಮಂಜುಗಡ್ಡೆ ಕೂತರೆ ಮಾತ್ರ ಅದು ನಡೆಯುವುದು. ಕೊನೆಯದು ನಡೆದದ್ದು 1997ರ ಜನವರಿಯಲ್ಲಿ. ಕೆನಡಾದ ಒಟ್ಟಾವದಲ್ಲಿ ಸ್ಕೇಟಿಂಗಿಗೆ ಹೆಸರಾದ ರಿಡೊ ಕಾಲುವೆ 2023ರ ಚಳಿಗಾಲದಲ್ಲಿ ಮೊದಲ ಬಾರಿಗೆ ತೆರೆಯಲೇ ಇಲ್ಲ. ನಮ್ಮ ಹವಾಮಾನ ಇಲಾಖೆಗೆ ಚಳಿಗಾಲವೆಂದರೆ ಜನವರಿ, ಫೆಬ್ರವರಿ ಎರಡೇ ತಿಂಗಳು. ಡಿಸೆಂಬರನ್ನು ಅವರು ಹಿಂಗಾರಿಗೆ ಸೇರಿಸುತ್ತಾರೆ. 1901ರಿಂದ ಇರುವ ಅವರ ದಾಖಲೆಯಲ್ಲಿ ದೇಶದ ಅತಿ ಬಿಸಿ ಫೆಬ್ರವರಿ 2025ರದು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದಂತೆ. ಈಗ ಸಂಕ್ರಾಂತಿಗೇ ಗಂಟುಮೂಟೆ ಕಟ್ಟುವ ಹಾಗಿದೆ.

ಹಾಗೆಂದು ಎಲ್ಲವನ್ನೂ ಭೂಮಿ ಬಿಸಿಯಾಗುವುದರ ತಲೆಗೆ ಕಟ್ಟುವುದೂ ಬೇಡ. ಚಳಿಗಾಲದಲ್ಲಿ ಆಗಾಗ 'ದೇಶದಲ್ಲೇ ಅತಿ ಹೆಚ್ಚು ಬಿಸಿಲು ಕಾರವಾರದಲ್ಲಿ, ಹೊನ್ನಾವರದಲ್ಲಿ' ಎಂಬ ಸುದ್ದಿ ಬರುತ್ತದಲ್ಲ, ಅದರಲ್ಲಿ ನಮ್ಮ ಶಿರಸಿಯ ಕೈವಾಡವೂ ಇದೆ. ಆ ದಿನಗಳಲ್ಲಿ ಮೂಡಣ ಗಾಳಿ ಘಟ್ಟ ಇಳಿಯುತ್ತದೆ. ಇಳಿಯುವ ಒಣಗಾಳಿ ಪ್ರತಿ ನೂರು ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಕಾಯುತ್ತದೆ. ಶಿರಸಿ ಇರುವುದು ಆರುನೂರು ಮೀಟರ್ ಎತ್ತರದಲ್ಲಿ, ನೀವೇ ಗುಣಿಸಿ. ಮೇಲಿಂದ ಆ ಗಾಳಿ ಸಮುದ್ರದ ಗಾಳಿಯನ್ನು ಮಧ್ಯಾಹ್ನದವರೆಗೂ ಒಳಗೆ ಬಿಡುವುದಿಲ್ಲ. ಈ ಕಾರಣ ಹಳೆಯದು. ಹೊಸದೆಂದರೆ, ಗಾಳಿ ಇಳಿಯಲು ಶುರುಮಾಡುವಾಗಲೇ ಮೊದಲಿಗಿಂತ ಬೆಚ್ಚಗಿರುತ್ತದೆ.

ಇನ್ನು ನಿಮ್ಮ ಮೊಮ್ಮಗನ ಪ್ರಶ್ನೆ. ಚಳಿಗಾಲದಲ್ಲಿ ಉತ್ತರ ಧ್ರುವದ ಮೇಲೆ, ಬಹಳ ಎತ್ತರದಲ್ಲಿ, ಗಾಳಿ ಬೇಲಿಯ ಹಾಗೆ ಸುತ್ತುತ್ತಿರುತ್ತದೆ. ಕೊರೆಯುವ ಚಳಿ ಬೇಲಿಯೊಳಗೇ ಇರಬೇಕು. ಒಮ್ಮೊಮ್ಮೆ ಬೇಲಿ ಸಡಿಲಾಗುತ್ತದೆ, ಒಳಗಿನದು ತೋಟ ನುಗ್ಗಿದ ದನದ ಹಾಗೆ ದಕ್ಷಿಣಕ್ಕೆ ನುಗ್ಗುತ್ತದೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿಗೆ ನುಗ್ಗಿದಾಗ ಲಕ್ಷಾಂತರ ಮನೆಗಳಲ್ಲಿ ಕರೆಂಟು ಹೋಗಿ, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಧ್ರುವ ಪ್ರದೇಶ 1979ರಿಂದೀಚೆಗೆ ಜಗತ್ತಿನ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಕಾಯುತ್ತಿದೆ. ಅದರಿಂದಲೇ ಬೇಲಿ ಸಡಿಲಾಗುತ್ತಿದೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಮೊಮ್ಮಗನಿಗೆ ಇಷ್ಟು ಹೇಳಿ: ದನ ಒಂದು ತೋಟಕ್ಕೆ ನುಗ್ಗಿದ್ದನ್ನು ಟೀವಿ ತೋರಿಸುತ್ತದೆ, ಕೊಟ್ಟಿಗೆಯಲ್ಲಿ ದನವೇ ಕಡಿಮೆಯಾಗುತ್ತಿರುವುದನ್ನು ತೋರಿಸುವುದಿಲ್ಲ.

ನಿಮಗೂ ನನಗೂ ತಟ್ಟುವುದು ಹಿಮವಲ್ಲ, ಅಂಗಳದ ಮಳೆ. ಹಣ್ಣಡಿಕೆ ಒಣಗಿ ಚಾಲಿಯಾಗಲು ನಲವತ್ತು ದಿನದ ಒಳ್ಳೆ ಬಿಸಿಲು ಬೇಕು. 2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ನೆಲಕ್ಕೆ ಬಂದ ಫೆಂಗಲ್ ಚಂಡಮಾರುತದ ಉಳಿಕೆ ಡಿಸೆಂಬರ್ ಮೊದಲ ವಾರ ನಾಡನ್ನೇ ಅಡ್ಡ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಆಗ ನಡುರಾತ್ರಿ ಬ್ಯಾಟರಿ ಹಿಡಿದು ಅಡಿಕೆಗೆ ಪ್ಲಾಸ್ಟಿಕ್ ಹೊದಿಸಿದವರಲ್ಲಿ ನಾನೂ ಒಬ್ಬ. ಬೆಳಗ್ಗೆ ಎತ್ತಿದರೆ ಒಳಗೆಲ್ಲ ಬೆವರು, ಮೂರನೇ ದಿನಕ್ಕೆ ಬೂಸ್ಟು. ಮಾವಿಗೆ ಹೂ ಕಟ್ಟಲು ಒಣ, ತಂಪು ರಾತ್ರಿ ಬೇಕು. ಮೋಡ ಕವಿದು ರಾತ್ರಿ ಬೆಚ್ಚಗಾದರೆ ಹೂವಿನ ಬದಲು ಚಿಗುರು. ಹೂ ಬಂದಮೇಲೆ ಮೋಡ ಹಾಕಿದರೆ ಜಿಗಿಹುಳು, ಬೂದಿರೋಗ. ಅಂಕೋಲೆಯ ಕರಿಈಶಾಡು ಮಾವು ಬೆಳೆಯುವವರನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳಿಯಾರು.

ಅದಕ್ಕೇ ಆ ಟ್ರಂಕಿನ ಮೇಲೆ ನನ್ನ ಕಣ್ಣು. ನಿಮ್ಮಪ್ಪ ಬರೆದದ್ದು ಅಡಿಕೆಯ ಲೆಕ್ಕಕ್ಕೆ, ಸುವಾದವರು ಬರೆದದ್ದು ದೇವರ ಲೆಕ್ಕಕ್ಕೆ. ಎರಡಕ್ಕೂ ತಾರಸಿ ಗೊತ್ತಿಲ್ಲ, ದಪ್ಪಕ್ಷರ ಗೊತ್ತಿಲ್ಲ. ಪುಸ್ತಕವನ್ನು ಅಂಚೆಗೆ ಹಾಕಬೇಡಿ. ಮಾವು ಹೂ ಬಿಟ್ಟ ದಿನ ಗುರುತು ಹಾಕಿದ ಪುಟಗಳ ಫೋಟೋವನ್ನು ಮೊಮ್ಮಗನಿಂದಲೇ ತೆಗೆಸಿ, ಇಸವಿ ಕಾಣುವ ಹಾಗೆ, ವಾಟ್ಸಾಪ್ ಮಾಡಿಸಿ. ಅಕ್ಷರ ಹಳೆಯ ಮೋಡಿ ಲಿಪಿಯದಾದರೂ ಚಿಂತೆಯಿಲ್ಲ, ಓದುವವರೊಬ್ಬರು ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ.

– ಸಂ.