ಕೆಜಿ ಗೊಬ್ಬರ ಬೇರೆ, ಕೆಜಿ ಮಣ್ಣು ಬೇರೆ

ನಮಸ್ಕಾರ.

ಜಾನುವಾರುಗಳಿಗೆ ಕೊಟ್ಟ ಆಂಟಿಬಯೋಟಿಕ್ ಸಗಣಿ-ಗಂಜಲದ ಮೂಲಕ ಹೊಲ ಸೇರುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಭಾಷೆ ಸರಾಗವಾಗಿದೆ, ಆದರೆ ಈಗಿರುವಂತೆ ಪ್ರಕಟಿಸಲಾಗದು.

ದೊಡ್ಡ ತಪ್ಪು ಎರಡನೇ ಪುಟದಲ್ಲಿದೆ. ಗೊಬ್ಬರದಲ್ಲಿ ಕೆಜಿಗೆ 5 ಮಿಲಿಗ್ರಾಂ ಆಕ್ಸಿಟೆಟ್ರಾಸೈಕ್ಲಿನ್ (ಟೆಟ್ರಾಸೈಕ್ಲಿನ್ ಗುಂಪಿನ ಆಂಟಿಬಯೋಟಿಕ್) ಎಂದವರು ಮುಂದಿನ ಸಾಲಿನಲ್ಲೇ ಅದನ್ನು ಮಣ್ಣಿನ ಅಂಕಿಯಾಗಿಸಿದ್ದೀರಿ. ಲೆಕ್ಕ ಹಾಕಿ ನೋಡಿ. ಹೆಕ್ಟೇರಿಗೆ 10 ಟನ್ ಗೊಬ್ಬರ ಹಾಕಿದರೆ ಹೊಲಕ್ಕೆ ಬೀಳುವ ಔಷಧ 50 ಗ್ರಾಂ. ಘನ ಸೆಂ.ಮೀ.ಗೆ 1.3 ಗ್ರಾಂ ಸಾಂದ್ರತೆ ಹಿಡಿದರೆ ಮೇಲಿನ 20 ಸೆಂ.ಮೀ. ಮಣ್ಣು 2,600 ಟನ್ ತೂಗುತ್ತದೆ. ಅಂದರೆ ಕೆಜಿ ಮಣ್ಣಿಗೆ ಸುಮಾರು 19 ಮೈಕ್ರೋಗ್ರಾಂ. ನೀವು ಬರೆದದ್ದು ಅದರ 260 ಪಟ್ಟು! ಹಾಗಂತ 19 ನಗಣ್ಯವಲ್ಲ. ವರ್ಷವರ್ಷವೂ ಗೊಬ್ಬರ ಬೀಳುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲದಷ್ಟು ಕಡಿಮೆ ಪ್ರಮಾಣವೂ ಔಷಧಕ್ಕೆ ಬಗ್ಗದ ನಿರೋಧಕ ತಳಿಗಳಿಗೆ ಮೇಲುಗೈ ಕೊಡಬಲ್ಲದು. 5 ಮಿಲಿಗ್ರಾಂ ಹಸಿ ಗೊಬ್ಬರದ್ದೋ ಒಣಗಿದ್ದರದ್ದೋ ಎಂಬುದನ್ನೂ ಹೇಳಿ.

‘ಆಂಟಿಬಯೋಟಿಕ್‌ಗಳು ವರ್ಷಗಟ್ಟಲೆ ಉಳಿಯುತ್ತವೆ’ ಎಂದಿದ್ದೀರಿ. ಯಾವುದು? ಪೆನಿಸಿಲಿನ್ ಅಣುವಿಗೆ ಕಸುವು ಕೊಡುವ ಬೀಟಾ-ಲ್ಯಾಕ್ಟಮ್ ಉಂಗುರ ಬೇಗ ಒಡೆಯುತ್ತದೆ. ಟೆಟ್ರಾಸೈಕ್ಲಿನ್ ಜೇಡಿಗೂ ಕ್ಯಾಲ್ಸಿಯಂ, ಮೆಗ್ನೀಷಿಯಂಗೂ ಅಂಟಿಕೊಂಡು ಮೇಲ್ಪದರದಲ್ಲೇ ಕೂರುತ್ತದೆ. ಸಲ್ಫಾ ಔಷಧಗಳ ಹಿಡಿತ ಸಡಿಲ, ಕ್ಷಾರೀಯ ಮಣ್ಣಿನಲ್ಲಂತೂ ಇನ್ನೂ ಸಡಿಲ. ಮಳೆ ನೀರಿನ ಜೊತೆ ಕೆಳಗಿಳಿಯುತ್ತವೆ. ಸಲ್ಫಾದ್ದೇ ಇನ್ನೊಂದು ಸ್ವಾರಸ್ಯ ನಿಮ್ಮ ಲೇಖನದಲ್ಲಿಲ್ಲ: ಪ್ರಾಣಿಯ ದೇಹ ಅದಕ್ಕೆ ಅಸಿಟೈಲ್ ಗುಂಪನ್ನು ಸೇರಿಸಿ ನಿಷ್ಕ್ರಿಯಗೊಳಿಸುತ್ತದೆ, ಗೊಬ್ಬರದ ರಾಶಿಯಲ್ಲಿ ಆ ಗುಂಪು ಕಳಚಿ ಮೂಲ ಔಷಧ ಮತ್ತೆ ಹುಟ್ಟುತ್ತದೆ. ಹಾಗಾಗಿ ತಾಜಾ ಸಗಣಿಯಲ್ಲಿ ಮೂಲ ಔಷಧವನ್ನಷ್ಟೇ ಅಳೆದರೆ ಲೆಕ್ಕ ಕಡಿಮೆ ಬರುತ್ತದೆ.

ಪರೀಕ್ಷೆಯ ಭಾಗ ಪೂರ್ತಿ ತಿದ್ದಬೇಕು. ಮಾದರಿಯನ್ನು ಬಿಸಿಲಲ್ಲಿ ಒಣಗಿಸಿದರೆ ಟೆಟ್ರಾಸೈಕ್ಲಿನ್ ಬೆಳಕಿಗೇ ಒಡೆಯುತ್ತದೆ, ಕತ್ತಲಲ್ಲಿ, ತಣ್ಣಗಿಡಬೇಕು. ಬರೀ ಮೆಥನಾಲ್ ದ್ರಾವಕ ಅದನ್ನು ಜೇಡಿಯಿಂದ ಸರಿಯಾಗಿ ಬಿಡಿಸದು, ಲೋಹಗಳನ್ನು ಹಿಡಿದಿಡುವ ಇಡಿಟಿಎ ಬೆರೆಸಿದ, ಪಿಎಚ್ 4ರ ಮ್ಯಾಕಿಲ್ವೇನ್ ಬಫರ್ (ಆಮ್ಲೀಯತೆ ಏರುಪೇರಾಗದಂತೆ ಕಾಯುವ ದ್ರಾವಣ) ಬೇಕು. ಗೊತ್ತಿರುವಷ್ಟು ಔಷಧವನ್ನು ಮಣ್ಣಿಗೆ ಬೆರೆಸಿ, ಶೇಕಡಾ ಎಷ್ಟು ವಾಪಸ್ ಸಿಕ್ಕಿತು ಎಂದು ಹೇಳದಿದ್ದರೆ ‘ಪತ್ತೆಯಾಗಲಿಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ.

ನಿರೋಧಕ ಜೀನ್ ಸಿಕ್ಕಿದ ಮಾತ್ರಕ್ಕೆ ಮಾಲಿನ್ಯ ಸಾಬೀತಾಗದು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೇ ಮಣ್ಣಿನ ಸೂಕ್ಷ್ಮಜೀವಿಯಿಂದ; ನಿರೋಧವೂ ಅಲ್ಲಿ ಹಳೆಯದೇ. ಗೊಬ್ಬರ ಕಾಣದ ಪಕ್ಕದ ತಾಕಿನ ಜೊತೆ ಹೋಲಿಸಿ. ಮೇವಿನಲ್ಲಿ ಬರುವ ತಾಮ್ರ, ಸತುವೂ ಅದೇ ಜೀನ್‌ಗಳನ್ನು ಪೋಷಿಸಬಲ್ಲವು.

‘ಕಾಂಪೋಸ್ಟ್ ಮಾಡಿದರೆ ಮುಗಿಯಿತು’ ಎಂಬ ಕೊನೆಯ ಸಾಲು ತೆಗೆಯಿರಿ. 55 ಡಿಗ್ರಿಯಲ್ಲಿ 15 ದಿನ, ಐದು ಸಲ ಮಗುಚುವ ನಿಯಮ ರೋಗಾಣುಗಳಿಗಾಗಿ ಮಾಡಿದ್ದು. ಟೆಟ್ರಾಸೈಕ್ಲಿನ್ ಅದರಲ್ಲಿ ಸಾಕಷ್ಟು ಇಳಿಯುತ್ತದೆ, ಎನ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್‌ಗಳು ಅಷ್ಟು ಸುಲಭವಾಗಿ ಜಗ್ಗುವುದಿಲ್ಲ.

ಹತ್ತು ಔಷಧಗಳ ಹೆಸರು ಬೇಡ. ಸಲ್ಫಾ ಗುಂಪಿನ ಸಲ್ಫಾಡಯಾಜಿನ್ ಒಂದನ್ನೇ ಹಿಡಿದು, ಕೊಟ್ಟಿಗೆಯಿಂದ ಅಂತರ್ಜಲದವರೆಗೆ ಹಿಂಬಾಲಿಸಿ ಬರೆದು ಕಳಿಸಿ. ತಲೆಬರಹದಲ್ಲಿ ‘ವಿಷ’ ಬೇಡ.

— ಸಂಪಾದಕರು