ಜುಬಿನ್ ಮೆಹ್ತಾ: ಇಸವಿಗಳು ಒಂದರ ಮೇಲೊಂದು ಬೀಳುವುದೇಕೆ?

ಪಾಶ್ಚಾತ್ಯ ಸಂಗೀತದ ವಾದ್ಯವೃಂದ ನಿರ್ದೇಶಕ ಜುಬಿನ್ ಮೆಹ್ತಾ ಅವರ ಬಗ್ಗೆ ಬರೆದ ಲೇಖನದಲ್ಲಿ ಇಸವಿಗಳು ತಾಳೆಯಾಗುತ್ತಿಲ್ಲ, ಸರಿಪಡಿಸುವುದು ಹೇಗೆ ಎಂದು ಕೇಳಿದ್ದೀರಿ. ಮಾಂಟ್ರಿಯಲ್ (1961–67) ಮತ್ತು ಲಾಸ್ ಏಂಜಲೀಸ್ (1962–78) ವಾದ್ಯವೃಂದಗಳಲ್ಲಿನ ಅವರ ಅವಧಿಗಳು ಅದರಲ್ಲಿ ಒಂದರ ಮೇಲೊಂದು ಬಿದ್ದಿರುವುದು ಬಹುಶಃ ತಪ್ಪೇ ಅಲ್ಲ; ಪಾಶ್ಚಾತ್ಯ ವಾದ್ಯವೃಂದಗಳ ನಿರ್ದೇಶಕರು ಏಕಕಾಲಕ್ಕೆ ಎರಡು ಮೂರು ವೃಂದಗಳ ಹೊಣೆ ಹೊರುವುದು ವಾಡಿಕೆ. ಆದ್ದರಿಂದ ಎರಡನ್ನೂ ಉಳಿಸಿಕೊಳ್ಳಿ.

ಮೊದಲು ಇಸವಿವಾರು ಪಟ್ಟಿಯನ್ನು ಬಿಟ್ಟು, ಪ್ರತಿ ವೃಂದಕ್ಕೂ ಒಂದೊಂದು ಸಾಲು ಮಾಡಿ. ಮುಂಬೈಯಲ್ಲಿ 1936ರಲ್ಲಿ ಜನನ, 1954ರಲ್ಲಿ ವಿಯೆನ್ನಾಕ್ಕೆ ಹೋಗಿ ಹಾನ್ಸ್ ಸ್ವರೋವ್‌ಸ್ಕಿ ಅವರಲ್ಲಿ ವಾದ್ಯವೃಂದ ನಿರ್ದೇಶನದ ಕಲಿಕೆ, 1958ರಲ್ಲಿ ಲಿವರ್‌ಪೂಲ್‌ನ ವಾದ್ಯವೃಂದ ನಿರ್ದೇಶಕರ ಸ್ಪರ್ಧೆಯ ಗೆಲುವು ಇವೆಲ್ಲ ಪೀಠಿಕೆಗೆ ಸಾಕು. ಅನಂತರ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದವನ್ನು (1978–91) ಸೇರಿಸಿ. ರವಿಶಂಕರರ ಎರಡನೆಯ ಸಿತಾರ್ ಕಾನ್ಸರ್ಟೊ (ಸಿತಾರ್ ಮತ್ತು ವಾದ್ಯವೃಂದ ಕೂಡಿ ನುಡಿಸುವ ಕೃತಿ) 1981ರಲ್ಲಿ ಮೊದಲ ಬಾರಿ ನುಡಿದದ್ದು ಅಲ್ಲಿಯೇ, ಮೆಹ್ತಾ ಅವರ ನಿರ್ದೇಶನದಲ್ಲಿ.

ನಿಜವಾದ ಗೊಂದಲವಿರುವುದು ಇಸ್ರೇಲ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ವಿಷಯದಲ್ಲಿ. ಅವರು 1969ರಲ್ಲಿ ಅಲ್ಲಿನ ಸಲಹೆಗಾರರಾದರು, 1977ರಲ್ಲಿ ನಿರ್ದೇಶಕರಾದರು, 1981ರಲ್ಲಿ ಆ ಹುದ್ದೆ ಆಜೀವವಾಯಿತು, 2019ರಲ್ಲಿ ನಿವೃತ್ತರಾದರು. ನಿಮ್ಮ ಮೂಲಗಳು ಬೇರೆ ಬೇರೆ ವರ್ಷ ಕೊಡುತ್ತಿರುವುದು ಈ ಮೆಟ್ಟಿಲುಗಳನ್ನು ಬೆರೆಸಿದ್ದರಿಂದ ಇರಬಹುದು. ಆ ಮೂಲಗಳನ್ನು ನಾನು ನೋಡಿಲ್ಲವಾದ್ದರಿಂದ, ಪ್ರತಿ ವರ್ಷದ ಪಕ್ಕದಲ್ಲಿ ಹುದ್ದೆಯ ಹೆಸರನ್ನು ಬರೆದು ನೀವೇ ತಾಳೆ ನೋಡಬೇಕು.

ಕೊನೆಗೆ, ಶೀರ್ಷಿಕೆಯಲ್ಲಿರುವ ‘ಸಂಗೀತ ನಿರ್ದೇಶಕ’ ಎಂಬ ಪದವನ್ನು ‘ವಾದ್ಯವೃಂದ ನಿರ್ದೇಶಕ’ ಎಂದು ಬದಲಿಸಿ. ಇಲ್ಲದಿದ್ದರೆ ನಮ್ಮ ಓದುಗರು ಅವರನ್ನು ಚಲನಚಿತ್ರಗಳಿಗೆ ರಾಗ ಹಾಕಿದವರೆಂದೇ ತಿಳಿಯುತ್ತಾರೆ.